ಜೋರಾಗಿ ಹೋಗು ಅಂದವರು

ಮೇಸ್ತ್ರಿ ನಗುತ್ತಿದ್ದ. ಅವಳಿಗೆ ಮೊದಲ ಅನುಮಾನ ಹುಟ್ಟಿದ್ದೇ ಅಲ್ಲಿಂದ.

ಬೆಳಗಿನ ಹಾಜರಿ ಹೊತ್ತಿನಲ್ಲಿ ನಗುವ ಜಾತಿಯವನಲ್ಲ ಅವನು. ತಡವಾಗಿ ಬಂದವರಿಗೆ ಬೈಯುವುದು, ಗ್ಲೌಸ್ ಕೇಳಿದವರಿಗೆ ಬೈಯುವುದು, ಯಾರೂ ಸಿಗದಿದ್ದರೆ ಶೆಡ್ಡಿನ ನಾಯಿಗೆ ಬೈಯುವುದು. ಅವತ್ತು ಕೈಯಲ್ಲೊಂದು ಕಾಗದ ಹಿಡಿದು, ಎಲ್ಲರೂ ಸಾಲಾಗಿ ನಿಲ್ಲುವವರೆಗೂ ಕಾದ. ಆಮೇಲೆ ಅವಳ ಕಡೆ ತಿರುಗಿದ.

"ಏನಮ್ಮಾ ಡ್ರೈವರಮ್ಮ, ಕಸದ ಗಾಡೀನ ರೇಸಿಗೆ ಬಿಟ್ಟಿದೀಯಂತೆ?"

ಸಾಲಿನಲ್ಲಿ ಕಿಸಕ್ ಅಂತ ನಗು ಎದ್ದಿತು. ಪೊರಕೆ ಹಿಡಿದು ನಿಂತಿದ್ದ ಮುದುಕಿ, "ಆ ಡಬ್ಬಾ ಓಡುತ್ತೆ ಅಂತ ನಂಗೆ ಗೊತ್ತಾಗಿದ್ದೇ ಇವತ್ತು" ಅಂದಳು. ನಗು ಇನ್ನೂ ಜೋರಾಯಿತು.

ಅವಳು ನಗಲಿಲ್ಲ. ಕಾಗದ ಇಸಕೊಂಡು ನೋಡಿದಳು. ಟ್ರಾಫಿಕ್ ಪೊಲೀಸರ ನೋಟೀಸು. ಶಾಲಾ ವಲಯದಲ್ಲಿ ಅತಿವೇಗ. ಗಾಡಿಯ ನಂಬರು. ಕೆಳಗೆ ಒಂದು ಮಸಕು ಫೋಟೋ. ಹಿಂದಿನಿಂದ ತೆಗೆದದ್ದು. ಗಾಡಿ ಅವಳದೇ. ಎಡಮೂಲೆಯ ತಗಡಿನ ಜಜ್ಜು ಕೂಡ ಕಾಣುತ್ತಿತ್ತು.

"ದಂಡ ಕಂಪನಿ ನೋಡ್ಕೊಳ್ಳುತ್ತೆ. ಆದ್ರೆ ನೋಟೀಸು ಬಿದ್ದ ಡ್ರೈವರ್ ಸೀಟಲ್ಲಿ ಕೂರೋ ಹಾಗಿಲ್ಲ" ಅಂದ ಮೇಸ್ತ್ರಿ. "ಸ್ಕೂಲಿಂದ ದೂರೂ ಬಂದಿದೆ. ಶನಿವಾರದವರೆಗೆ ಓಡಿಸು. ಅಷ್ಟರಲ್ಲಿ ಅಲ್ಲಿನ ದೊಡ್ಡ ಮೇಡಂ ಹತ್ರ ಹೋಗಿ ತಪ್ಪಾಯ್ತು ಅಂತ ಬರೆದುಕೊಡು. ಅವರು ಒಪ್ಪಿದ್ರೆ ಸೀಟು. ಒಪ್ಪಲಿಲ್ಲ ಅಂದ್ರೆ ಪೊರಕೆ. ಬರೆಯೋ ತ್ರಾಸು ಬೇಡ ನಿಂಗೆ, ಎಲ್ಲಾ ನಾನೇ ಬರೆಸಿಟ್ಟಿದೀನಿ. ಸೈನ್ ಹಾಕು, ಮುಗೀತು."

ಗ್ಲೌಸ್ ಕೊಡಲು ತಿಂಗಳುಗಟ್ಟಲೆ ಸತಾಯಿಸುವವನು ಕಾಗದ ಮಾತ್ರ ಕೇಳುವ ಮೊದಲೇ ಬರೆಸಿಟ್ಟಿದ್ದ. ಅದು ಎರಡನೇ ಅನುಮಾನ.

ಮೂರನೆಯದು ಫೋಟೋದಲ್ಲೇ ಇತ್ತು. ಗಾಡಿಯ ಹಿಂಭಾಗದಲ್ಲಿ ಕಸ ಎತ್ತಿ ತುಂಬುವ ಲೋಡರ್ ನಿಲ್ಲುವ ಕಬ್ಬಿಣದ ಮೆಟ್ಟಿಲು ಇದೆ. ಫೋಟೋದಲ್ಲಿ ಆ ಮೆಟ್ಟಿಲು ಖಾಲಿ.

ಅಲ್ಲಿ ನಿಲ್ಲಬೇಕಾದವರು ಅವಳ ಭಾವ, ಗಂಡನ ಅಣ್ಣ. ಅವಳು ತಿರುಗಿ ನೋಡಿದಾಗ ಅವರು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದರು. ಲೇಸು ಮೊದಲೇ ಕಟ್ಟಿತ್ತು.

ಆ ಸೀಟು ಅವಳಿಗೆ ಬಿಟ್ಟಿ ಸಿಕ್ಕಿದ್ದಲ್ಲ. ಮದುವೆಯಾಗಿ ಬಂದಾಗಿನಿಂದ ಪೊರಕೆ ಹಿಡಿದವಳು. ಗುಡಿಸುವವಳ ಕಣ್ಣು ಯಾವಾಗಲೂ ನೆಲದ ಮೇಲೆ. ಉಗುಳು, ಕೂದಲು, ಒಡೆದ ಗಾಜು, ಯಾರೋ ಕಾರಿನ ಕಿಟಕಿಯಿಂದ ಎಸೆದ ಮಗುವಿನ ಡೈಪರು. ಸಂಜೆ ಸೊಂಟ ನೆಟ್ಟಗಾಗಲು ಗೋಡೆ ಹಿಡಿಯಬೇಕಿತ್ತು. ಮೂಗು ಹಿಂಡಿದರೆ ಕಪ್ಪು ಬರುತ್ತಿತ್ತು. ಊರಿನ ಅಂಗಡಿಗಳ ಬೋರ್ಡು ಹೇಗಿವೆ ಅಂತ ಅವಳು ನೋಡಿದ್ದು ಡ್ರೈವರ್ ಸೀಟಿಗೆ ಬಂದ ಮೇಲೆ.

ಗಾಡಿ ಕಲಿಸಿದವರು ಭಾವ. ಅವರೇ ಆಗ ಡ್ರೈವರು. ಕಸ ಸುರಿಯುವ ಮೈದಾನದಲ್ಲಿ, ಗುಡ್ಡೆಗಳ ನಡುವೆ ರಿವರ್ಸ್ ಹೊಡೆಸಿ ಹೊಡೆಸಿ ಕಲಿಸಿದರು. "ಕ್ಲಚ್ಚನ್ನ ಒದೀಬೇಡಮ್ಮ, ಅದೇನು ನನ್ನ ತಮ್ಮನಾ?" ಅನ್ನುತ್ತಿದ್ದರು. ಅವಳು ನಕ್ಕು ನಕ್ಕು ಗಾಡಿ ಬಂದ್ ಮಾಡಿಬಿಡುತ್ತಿದ್ದಳು.

ಲೈಸೆನ್ಸ್ ಬಂತು. ಅಷ್ಟರಲ್ಲಿ ಕಂಪನಿಗೆ ಒಬ್ಬ ಹೆಣ್ಣು ಡ್ರೈವರ್ ಬೇಕಾಯಿತು. ಕರಪತ್ರದಲ್ಲಿ ಫೋಟೋ ಹಾಕುವುದಕ್ಕೆ. ಹೊಸ ಗಾಡಿಯನ್ನಂತೂ ತರಲಿಲ್ಲ. ಭಾವನನ್ನು ಇಳಿಸಿದರು, ಅವಳನ್ನು ಹತ್ತಿಸಿದರು. ಕಲಿಸಿದವರು ಹಿಂದೆ, ಕಲಿತವಳು ಮುಂದೆ. ಫೋಟೋ ತೆಗೆಯುವಾಗ "ನೀನು ಸ್ವಲ್ಪ ಆಚೆ ಹೋಗಯ್ಯ" ಅಂತ ಭಾವನನ್ನು ಫ್ರೇಮಿನಿಂದ ದೂಡಿದ್ದು ಇದೇ ಮೇಸ್ತ್ರಿ. ಅವತ್ತಿನಿಂದ ಭಾವ ಅವಳನ್ನು ಡ್ರೈವರಮ್ಮ ಅನ್ನತೊಡಗಿದರು. ಶೆಡ್ಡಿನವರೆಲ್ಲ ಅದನ್ನೇ ಹಿಡಿದುಕೊಂಡರು. ಆ ಕರೆಯಲ್ಲಿ ಎಷ್ಟು ತಮಾಷೆ, ಎಷ್ಟು ಮುಳ್ಳು ಅಂತ ಅವಳಿಗೆ ಇನ್ನೂ ಬಗೆಹರಿದಿರಲಿಲ್ಲ.

ಸಂಜೆ ಮನೆಯಲ್ಲಿ ಗಂಡನ ಮುಂದೆ ಬಾಯಿ ಬಿಟ್ಟಳು. ಅವನು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದ. ಸೋಪಿನ ನೀರಿಗೆ ಬಿರಿದ ಕೈಗಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ನಾನು ಅಷ್ಟು ಜೋರಾಗಿ ಹೋಗಿಲ್ಲ ಕಣ್ರೀ. ನಂಗೆ ನೆನಪೇ ಇಲ್ಲ."

"ಮತ್ತೆ ಗಾಡಿ ತಾನೇ ಓಡಿತಾ?"

"ನಾನು ಸ್ಕೂಲ್ ಹತ್ರದ ಪೆಟ್ರೋಲ್ ಬಂಕಲ್ಲಿ ಬಾತ್‌ರೂಮಿಗೆ ಹೋಗ್ತೀನಲ್ಲ, ಆಗ ಕೀಲಿ ಗಾಡೀಲೇ ಇರುತ್ತೆ. ಭಾವ ಒಬ್ರೇ ಇರ್ತಾರೆ."

ಗಂಡನ ಕೈ ನಿಂತಿತು. "ಏನು ಹೇಳ್ತಿದೀಯ ನೀನು?"

"ಹೇಳ್ತಿಲ್ಲ. ಕೇಳ್ತಿದೀನಿ."

"ಅವನು ನಿನ್ನ ಸೀಟು ಕಿತ್ಕೊಳ್ಳೋಕೆ ಕ್ಯಾಮೆರಾ ಮುಂದೆ ಗಾಡಿ ಓಡಿಸಿದ ಅಂತಾನಾ? ನಮ್ಮಣ್ಣ?"

"ಅದು ಮೊದ್ಲು ಅವರ ಸೀಟೇ ತಾನೇ?"

ಗಂಡ ಎಣ್ಣೆ ಬಾಟಲಿ ಮುಚ್ಚಳ ತಿರುಗಿಸುತ್ತಲೇ ಇದ್ದ, ಬಿಗಿಯಾದ ಮೇಲೂ.

ಮರುದಿನ ಅವಳು ಭಾವನನ್ನು ಕಣ್ಣಲ್ಲೇ ಹಿಡಿದಿಟ್ಟಳು. ಡಬ್ಬ ಎತ್ತುವುದನ್ನು, ಸುರಿಯುವುದನ್ನು, ಬೀಡಿ ಹಚ್ಚುವುದನ್ನು. ಯಾರ ಜೊತೆ ಮಾತಾಡುತ್ತಾರೆ ಅಂತ ಕನ್ನಡಿಯಲ್ಲಿ ನೋಡಿದಳು. ಬಂಕಿನ ಹತ್ತಿರ ಇಳಿದು ಹೋಗುವಾಗ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಳು. ಹಿಂದೆಂದೂ ಹಾಗೆ ಮಾಡಿರಲಿಲ್ಲ.

ಭಾವ ನೋಡಿದರು. "ಕೀಲಿ ತಗೊಂಡು ಹೋಗ್ತಿದೀಯಾ?"

"ಹೂಂ."

"ಸರಿ" ಅಂದರು. ಅಷ್ಟೇ. ಆ ಒಂದು ಮಾತು ಅವಳ ಬೆನ್ನಿಗೆ ಅಂಟಿಕೊಂಡು ಬಾತ್‌ರೂಮಿನ ಬಾಗಿಲವರೆಗೂ ಬಂತು.

ಶಾಲೆಯ ಹಿಂಬದಿಯ ಗೇಟಿಗೆ ಬಂದರು. ಇಡೀ ರೌಂಡಿನಲ್ಲಿ ಅತ್ಯಂತ ಭಾರದ ಕಸ ಅಲ್ಲಿಯದೇ. ಅಡುಗೆಮನೆಯ ಹಸಿ ಕಸ, ಹಿಂದಿನ ದಿನದ್ದು, ಮುಚ್ಚಳ ತೆಗೆದರೆ ಹುಳು. ಇಬ್ಬರೂ ಸೇರಿ ಎತ್ತಿದರು. ಡ್ರಮ್ಮಿನ ಅಂಚು ಭಾವನ ಎದೆಗೆ ಒತ್ತಿತು, ಕೊಳೆತ ನೀರು ಅವರ ಅಂಗಿಯ ಮೇಲೆ ಇಳಿಯಿತು. ಗೇಟಿನಾಚೆ ನಿಂತ ಆಯಾ ಮೂಗು ಮುಚ್ಚಿಕೊಂಡು, "ಬೇಗ, ಬೇಗ" ಅಂದಳು. ತಾನೇ ತುಂಬಿಟ್ಟ ಡ್ರಮ್ಮು ಅದು.

ಹಿಂದಿನ ಗಲ್ಲಿಯಿಂದ ಮುಂದಿನ ರಸ್ತೆಗೆ ತಿರುವು. ಅವಳು ಕನ್ನಡಿ ನೋಡಿದಳು. ಭಾವ ಮೆಟ್ಟಿಲಿನಿಂದ ಜಿಗಿದು ಪಕ್ಕದ ಸಂದಿಯೊಳಗೆ ಹೋಗುತ್ತಿದ್ದರು.

ಸಿಕ್ಕಿದರು, ಅಂದುಕೊಂಡಳು. ಎಲ್ಲಿಗೆ ಹೋಗ್ತಿದಾರೆ? ಯಾರನ್ನು ನೋಡೋಕೆ?

ಅಷ್ಟರಲ್ಲಿ ಸೀಟಿ. ಶಾಲೆಯ ಗೇಟಿನವನು ಸೀಟಿ ಊದುತ್ತಾ ಕೈ ಬೀಸುತ್ತಿದ್ದ. ಹೋಗು, ಹೋಗು. ಮಕ್ಕಳನ್ನು ಬಿಡಲು ಬಂದವರು ರಸ್ತೆಯುದ್ದಕ್ಕೂ ನಿಂತಿದ್ದರು. ಒಬ್ಬಳು ಕರವಸ್ತ್ರ ತೆಗೆದಳು. ಒಬ್ಬ ಕಾರಿನ ಗಾಜು ಏರಿಸಿದ. ಒಂದು ಹುಡುಗಿ "ಥೂ" ಅಂತ ಅಮ್ಮನ ಸೊಂಟಕ್ಕೆ ಮುಖ ಒತ್ತಿತು. ಸ್ಟೇರಿಂಗ್ ಹಿಡಿದಿದ್ದ ಅವಳಿಗೆ ಉಸಿರು ಕಟ್ಟಿತು. ಕತ್ತು ಭುಜದೊಳಗೆ ಇಳಿಯಿತು. ಎಂಜಿನ್ ಕೂಗಿತು.

ಕೆಳಗೆ ನೋಡಿದಳು. ಕಾಲು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿತ್ತು. ಯಾರದೋ ಕಾಲಿನ ಹಾಗೆ.

ಶಾಲೆಯ ಗೋಡೆ ಮುಗಿಯುತ್ತಲೇ ಕಾಲು ತಾನಾಗಿ ಮೇಲೆದ್ದಿತು. ಗಾಡಿ ನಿಧಾನವಾಯಿತು. ಅವಳು ಉಸಿರು ಬಿಟ್ಟಳು. ದಿನಾ ಹೀಗೇ. ದಿನಾ ಇಲ್ಲೇ ಉಸಿರು ಬಿಡುತ್ತಿದ್ದಳು. ಕಟ್ಟಿಹಿಡಿದದ್ದು ಎಲ್ಲಿ ಅಂತ ಯಾವತ್ತೂ ಕೇಳಿಕೊಂಡಿರಲಿಲ್ಲ.

ಗಾಡಿ ನಿಲ್ಲಿಸಿ ಇಳಿದಳು. ಸಂದಿಯ ಇನ್ನೊಂದು ತುದಿಯಿಂದ ಭಾವ ಓಡುನಡಿಗೆಯಲ್ಲಿ ಬಂದರು.

"ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೆ ಅಂದ್ರೆ? ದಿನಾ ಹೋಗೋ ಕಡೆಗೇ."

"ಯಾಕೆ ಇಳೀತೀರಿ ಅಲ್ಲಿ?"

ಭಾವ ಅವಳ ಮುಖವನ್ನೇ ನೋಡಿದರು. "ನಿಜವಾಗ್ಲೂ ಗೊತ್ತಿಲ್ವಾ ನಿಂಗೆ?"

"ಇಲ್ಲ."

"ಹಿಂದೆ ನೇತಾಡ್ಕೊಂಡು ಹೋಗೋನು ಮಕ್ಕಳ ಕಣ್ಣಿಗೆ ಬೀಳಬಾರದಂತೆ. ನೋಡಿದ್ರೆ ಊಟ ಸೇರಲ್ವಂತೆ. ಗೇಟಿನವನು ಹೇಳಿದ. ಅವತ್ತೊಂದಿನ ಇಳಿದೆ. ಆಮೇಲೆ ಯಾರೂ ಹೇಳದೇನೇ ಇಳೀತಾ ಬಂದೆ."

"ನಂಗೆ ಒಂದು ಮಾತೂ ಹೇಳಲಿಲ್ಲ ನೀವು."

"ಏನಂತ ಹೇಳೋದು ತಮ್ಮನ ಹೆಂಡ್ತಿಗೆ? ನೀನು ಅಲ್ಲಿ ಗಾಡಿ ಯಾಕೆ ಕಿರುಚಿಸ್ತೀಯ ಅಂತ ನಂಗೆ ಹೇಳಿದ್ಯಾ?"

"ನೀವೇ ಓಡಿಸಿದ್ರಿ ಅಂದ್ಕೊಂಡಿದ್ದೆ" ಅಂದಳು.

"ಗೊತ್ತು. ಕೀಲಿ ಜೇಬಿಗೆ ಹಾಕಿದಾಗಲೇ ಗೊತ್ತಾಯ್ತು." ಅಂಗಿಯ ಮೇಲಿನ ಕೊಳೆನೀರನ್ನು ಅಂಗೈಯಲ್ಲಿ ಒರೆಸಿಕೊಂಡರು. ಮೆಟ್ಟಿಲು ಹತ್ತಿ ನಿಂತರು. ನಿನ್ನ ಸೀಟಿನ ಆಸೆ ನನಗಿಲ್ಲ ಅಂತ ಒಂದು ಮಾತು ಬರಬಹುದು ಅಂತ ಅವಳು ಕಾದಳು. ಬರಲಿಲ್ಲ.

ಮೊದಮೊದಲು ಆ ರಸ್ತೆಯಲ್ಲಿ ಅವಳು ನಿಧಾನವಾಗಿಯೇ ಹೋಗುತ್ತಿದ್ದಳು. ಈಗ ಎಲ್ಲಾ ನೆನಪಿಗೆ ಬಂತು. ಮೇಸ್ತ್ರಿ ಅವಳನ್ನು ಪಕ್ಕಕ್ಕೆ ಕರೆದಿದ್ದ. "ಸ್ಕೂಲ್ ಮುಂದೆ ನಿಲ್ಲಿಸಬೇಡ, ನಿಧಾನ ಮಾಡಬೇಡ. ಜೋರಾಗಿ ಹೋಗು. ವಾಸನೆ ನಿಲ್ಲಬಾರದು, ಮೇಡಂ ಬೈತಾರೆ." ಅವತ್ತು ಅವಮಾನವಾಗಿತ್ತು. ಅವಮಾನವನ್ನು ನುಂಗಿದ್ದಳು. ನುಂಗಿದ್ದು ಹೊಟ್ಟೆಗೆ ಹೋಗಿರಲಿಲ್ಲ, ಕಾಲಿಗಿಳಿದಿತ್ತು.

ಅವತ್ತೇ ಮಧ್ಯಾಹ್ನ ಶೆಡ್ಡಿನಲ್ಲಿ ಮೇಸ್ತ್ರಿಯನ್ನು ಕೇಳಿದಳು. "ಜೋರಾಗಿ ಹೋಗು ಅಂದಿದ್ದು ನೀವೇ ಅಲ್ವಾ ಸಾರ್?"

"ನಾನಾ?" ಅಂದ. "ಯಾವಾಗ? ಬರೆದುಕೊಟ್ಟಿದ್ನಾ?"

"ಬಾಯಲ್ಲಿ ಹೇಳಿದ್ರಿ."

"ಬಾಯಲ್ಲಿ ನಾನು ದಿನಾ ನೂರು ಹೇಳ್ತೀನಿ. ಹೋಗಿ ಬಾವಿಗೆ ಬೀಳು ಅಂತಲೂ ಹೇಳಿರ್ತೀನಿ. ಬಿದ್ಯಾ?"

ಬೈಗುಳಕ್ಕೆ ಕಾಗದ ಬೇಡ, ಆಜ್ಞೆಗೆ ಕಾಗದ ಬೇಡ. ತಪ್ಪೊಪ್ಪಿಗೆಗೆ ಮಾತ್ರ ಕಾಗದ ಬೇಕು.

ಶನಿವಾರ ಶಾಲೆ ಬಿಟ್ಟ ಮೇಲೆ ಮೇಸ್ತ್ರಿ ಅವಳನ್ನು ಗೇಟಿನ ಹತ್ತಿರ ನಿಲ್ಲಿಸಿ ತಾನು ಒಳಗೆ ಹೋದ. ಅವಳನ್ನು ಒಳಗೆ ಬಿಡಲಿಲ್ಲ. ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ಬಂದಿದ್ದಳು. ಗೇಟಿನವನು ಆದರೂ ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಮೇಸ್ತ್ರಿ ಹೊರಗೆ ಬಂದು, ಬರೆಸಿಟ್ಟ ಕಾಗದ ಅವಳ ಕೈಗಿಟ್ಟು ಪಕ್ಕದಲ್ಲಿ ನಿಂತ. ಹಿಂದೆಯೇ ದೊಡ್ಡ ಮೇಡಂ ಬಂದರು. ಗೇಟು ದಾಟಲಿಲ್ಲ. ಸರಳುಗಳ ಆಚೆಯಿಂದಲೇ, "ಓದು" ಅಂದರು. "ಜೋರಾಗಿ ಓದಿ ಆಮೇಲೆ ಸೈನ್ ಮಾಡು. ಮಕ್ಕಳ ಜೀವದ ಪ್ರಶ್ನೆ ಇದು. ಒಂದು ಮಗು ಅಡ್ಡ ಬಂದಿದ್ರೆ?"

ಹೌದು. ಒಂದು ಮಗು ಅಡ್ಡ ಬಂದಿದ್ದರೆ? ಥೂ ಅಂದ ಆ ಹುಡುಗಿಯೇ ಬಂದಿದ್ದರೆ? ಎರಡು ರಾತ್ರಿ ಅವಳೂ ಇದನ್ನೇ ಯೋಚಿಸಿದ್ದಳು. ಈ ಮಾತಿನ ಮುಂದೆ ಸೈನ್ ಮಾಡಿಬಿಡೋಣ ಅನ್ನಿಸಿತು. ಓದಲು ಶುರು ಮಾಡಿದಳು.

"ನಾನು ನನ್ನ ಸ್ವಂತ ಅಜಾಗರೂಕತೆಯಿಂದ, ಯಾರ ಒತ್ತಾಯವೂ ಇಲ್ಲದೆ..."

ನಿಲ್ಲಿಸಿದಳು.

"ಯಾಕೆ, ಅಕ್ಷರ ಬರಲ್ವಾ?" ಅಂದರು ಮೇಡಂ.

"ಬರುತ್ತೆ ಮೇಡಂ. ಇದು ಸುಳ್ಳು."

ಮೇಸ್ತ್ರಿ ಅವಳ ಮೊಣಕೈ ಹಿಂಡಿದ. ಅವಳು ಕೈ ಕೊಡವಿದಳು. ತನ್ನ ದನಿ ಇಷ್ಟು ಗಟ್ಟಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಗಾಡಿ ಜೋರಾಗಿ ಹೋಗಿದ್ದು ನಿಜ. ಓಡಿಸಿದ್ದು ನಾನೇ. ಅದನ್ನ ಒಪ್ತೀನಿ. ಯಾರೂ ಹೇಳಲಿಲ್ಲ ಅನ್ನೋದನ್ನ ಒಪ್ಪಲ್ಲ. ಸೈನ್ ಹಾಕಲ್ಲ."

"ಹಾಗಾದ್ರೆ ಸೋಮವಾರದಿಂದ ಈ ಹೆಂಗಸು ಗಾಡೀಲಿರಬಾರದು" ಅಂದರು ಮೇಡಂ, ಮೇಸ್ತ್ರಿಗೆ. ಅವಳು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

ಸೋಮವಾರ ಬೇರೆ ಡ್ರೈವರ್ ಸಿಕ್ಕಿರಲಿಲ್ಲ. "ಇವತ್ತೊಂದಿನ ತಗೊಂಡು ಹೋಗು. ನಾಳೆಯಿಂದ ಪೊರಕೆ" ಅಂದ ಮೇಸ್ತ್ರಿ. ಅವಳು ತಲೆಯಾಡಿಸಿದಳು.

ಹಿಂದಿನ ಗೇಟಿನ ಡ್ರಮ್ಮು ಎತ್ತಿ ಸುರಿದರು. ಭಾನುವಾರದ ರಜೆಯಿಂದಾಗಿ ಇನ್ನೂ ಚೆನ್ನಾಗಿ ಕೊಳೆತಿತ್ತು. ತಿರುವಿನ ಹತ್ತಿರ ಕನ್ನಡಿ ನೋಡಿದಳು. ಭಾವ ಇಳಿಯಲಿಲ್ಲ. ಕಂಬಿ ಹಿಡಿದು, ನೆಟ್ಟಗೆ ನಿಂತಿದ್ದರು. ಅವಳು ಏನೂ ಹೇಳಿರಲಿಲ್ಲ ಅವರಿಗೆ. ಇದರ ಹಿಂದೆ ಏನಿದೆಯೋ ಅಂತ ಅವಳಿಗೆ ಅದರ ಮೇಲೂ ಒಂದು ಅನುಮಾನ ಬಂತು.

ಶಾಲೆಯ ಬೋರ್ಡು ಬಂತು. ಗೇರ್ ಇಳಿಸಿದಳು. ಬೋರ್ಡಿನಲ್ಲಿ ಹೇಳಿದ್ದಕ್ಕಿಂತಲೂ ನಿಧಾನ. ಸೀಟಿ ಕೇಳಿಸಿತು. ಒತ್ತು ಒತ್ತು ಅಂತ ಕಾಲೇ ಅವಳನ್ನು ಬೇಡಿಕೊಂಡಿತು. ಹಲ್ಲು ಕಚ್ಚಿ ಹಿಡಿದಳು. ಉಸಿರು ಬೇಕೆಂದೇ ಎಳೆದುಕೊಂಡಳು, ಅದೇ ನಾತವನ್ನು. ಹಿಂದೆ ಕಾರುಗಳು ಸಾಲುಗಟ್ಟಿ ಹಾರನ್ ಬಾರಿಸಿದವು. ಗಾಡಿಯಿಂದ ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತಿತ್ತು.

"ಏಯ್, ಎಳಿ, ಎಳಿ! ಏನು ಮೆರವಣಿಗೆ ಹೊರಟಿದೀಯಾ?" ಗೇಟಿನವನು ಓಡಿಬಂದ.

"ಬೋರ್ಡು ನೋಡಣ್ಣ" ಅಂದಳು.

ದೊಡ್ಡ ಮೇಡಂ ಸೆರಗಲ್ಲಿ ಮೂಗು ಮುಚ್ಚಿಕೊಂಡೇ ಹೊರಗೆ ಬಂದು ಗಾಡಿಯ ಮುಂದೆ ಕೈ ಚಾಚಿದರು. "ನಿಲ್ಲಿಸು! ಯಾರು ನಿನ್ನನ್ನ ಕಳಿಸಿದ್ದು?"

ನಿಲ್ಲಿಸು ಅಂದರು, ನಿಲ್ಲಿಸಿದಳು. ಸರಿಯಾಗಿ ಗೇಟಿನ ಮುಂದೆ.

ಪಕ್ಕದ ಬೀದಿಯಲ್ಲೇ ಇದ್ದ ಮೇಸ್ತ್ರಿ ಫೋನು ಹೋದ ತಕ್ಷಣ ಬೈಕಿನಲ್ಲಿ ಬಂದಿಳಿದ. ಇಸ್ತ್ರಿ ಮಾಡಿದ ಅಂಗಿ. ಮುಖ ಕೆಂಪಗಿತ್ತು. "ಇಳಿ ಕೆಳಗೆ! ಕೊಡು ಕೀಲಿ!"

ಅವಳು ಎಂಜಿನ್ ಆರಿಸಿ ಇಳಿದಳು. ಕೀಲಿ ಕೊಟ್ಟಳು.

ತುಂಬಿದ ಗಾಡಿ ಗೇಟಿನ ಮುಂದೆ ನಿಂತಿತು. ಬಿಸಿಲು ಏರುತ್ತಿತ್ತು. ನೊಣಗಳು ಬಂದವು. ಗಾಜು ಏರಿಸಿದ ಕಾರುಗಳು ಹಿಂದೆ ಹೋಗಲಾರವು, ಮುಂದೆ ಹೋಗಲಾರವು.

"ತಗೋ, ನೀನೇ ತೆಗಿ" ಅಂತ ಮೇಸ್ತ್ರಿ ಕೀಲಿಯನ್ನು ಭಾವನತ್ತ ಚಾಚಿದ. "ಇವತ್ತಿಂದ ಸೀಟು ನಿಂದೇ. ಹೋಗು, ಜೋರಾಗಿ ತಗೊಂಡು ಹೋಗು."

ಭಾವ ಮೆಟ್ಟಿಲಿನಿಂದ ಇಳಿದು ಬಂದರು. ಅವರ ಕಣ್ಣು ಕೀಲಿಯ ಮೇಲೇ ಇತ್ತು. ಅವಳು ಆ ಕಣ್ಣುಗಳನ್ನು ನೋಡಿದಳು. ಇದಕ್ಕೇ ಇರಬೇಕು, ಅಂದುಕೊಂಡಳು. ಇಷ್ಟು ದಿನ ಸುಮ್ಮನಿದ್ದದ್ದು ಇದಕ್ಕೇ. ಭಾವನ ಕೈ ಎದ್ದಿತು. ಅರ್ಧಕ್ಕೆ ನಿಂತಿತು. ಆಮೇಲೆ ಪ್ಯಾಂಟಿಗೆ ಒರೆಸಿಕೊಂಡು ಕೆಳಗಿಳಿಯಿತು.

"ನಾನು ಲೋಡರ್ ಸಾರ್" ಅಂದರು. "ನೀವೇ ಮಾಡಿದ್ದು." ಹೋಗಿ ಫುಟ್‌ಪಾತಿನ ಮೇಲೆ ಕೂತುಬಿಟ್ಟರು.

"ಯಾರಾದ್ರೂ ತೆಗೀರಪ್ಪಾ ಇದನ್ನ!" ಮೇಡಂ ಕಿರುಚಿದರು. ಎಲ್ಲರೂ ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ಕ್ಯಾಬಿನ್ನಿನ ಸೀಟನ್ನು ನೋಡಿದ. ಸೀಟಿನ ರೆಕ್ಸಿನ್ನಿಗೆ ಅಂಟಿದ ಜಿಡ್ಡನ್ನು ನೋಡಿದ. ತನ್ನ ಅಂಗಿಯನ್ನು ನೋಡಿಕೊಂಡ. ಕೀಲಿಯನ್ನು ಅವಳ ಕಡೆ ಚಾಚಿದ.

"ಅವಳೇ ತಗೊಂಡು ಹೋಗ್ಲಿ, ಬೇಗ!" ಅಂದರು ಮೇಡಂ.

ಅವಳು ಕೈ ಚಾಚಲಿಲ್ಲ. "ಅವತ್ತು ನಂಗೆ ಏನು ಹೇಳಿದ್ರಿ ಸಾರ್? ಇವರ ಮುಂದೆ ಹೇಳಿ."

"ಲೇ, ಸುಮ್ನೆ ಹತ್ತು."

"ಹೇಳಿ."

ನೊಣವೊಂದು ಮೇಸ್ತ್ರಿಯ ತುಟಿಯ ಮೇಲೆ ಕೂತಿತು. "ಆಯ್ತು. ಹೇಳಿದ್ದೆ" ಅಂದ ಗೊಣಗುತ್ತಾ.

"ಏನಂತ? ಕೇಳಿಸಲಿಲ್ಲ."

"ಜೋರಾಗಿ ಹೋಗು ಅಂತ!"

"ನಿಮಗ್ಯಾರು ಹೇಳಿದ್ದು?"

ಮೇಸ್ತ್ರಿ ಮೇಡಂ ಅವರನ್ನು ನೋಡಿದ. ಮೇಡಂ ಗೇಟಿನವನನ್ನು ನೋಡಿದರು. ಗೇಟಿನವನು ತನ್ನ ಸೀಟಿಯನ್ನು ನೋಡಿಕೊಂಡ. ಕರವಸ್ತ್ರ ಹಿಡಿದ ತಾಯಿಯೊಬ್ಬಳು ಮೇಡಂ ಕಡೆ ತಿರುಗಿ, "ಮಕ್ಕಳು ಓಡಾಡೋ ಹೊತ್ತಲ್ಲಿ ಜೋರಾಗಿ ಹೋಗು ಅಂತ ನೀವು ಹೇಳಿಸಿದ್ರಾ?" ಅಂದಳು. ಮೇಡಂ ಒಳಗೆ ನಡೆದರು. ಈ ಸಲ ಅವರ ನಡಿಗೆಯೇ ಜೋರಾಗಿತ್ತು.

ಅವಳು ಕೀಲಿ ತೆಗೆದುಕೊಂಡಳು.

"ಸಂಜೆ ಶೆಡ್ಡಿಗೆ ಬಾ, ಇದೆ ನಿಂಗೆ" ಅಂದ ಮೇಸ್ತ್ರಿ ಹಲ್ಲಿನ ನಡುವೆ.

"ಬರ್ತೀನಿ" ಅಂದಳು.

ಸಂಜೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ನಾಳೆ ಸೀಟು ಇರುತ್ತದೆ ಅನ್ನುವ ನಂಬಿಕೆ ಅವಳಿಗಿರಲಿಲ್ಲ. ಕರವಸ್ತ್ರದ ಆ ತಾಯಿ ಕೇಳಿದ್ದು ತನ್ನ ಮಗುವಿನ ಸಲುವಾಗಿಯೇ ಹೊರತು ಈ ಡ್ರೈವರಮ್ಮನಿಗಾಗಿ ಅಲ್ಲ ಅನ್ನುವುದೂ ಗೊತ್ತಿತ್ತು. ಗಾಡಿ ಹೊರಟಿತು, ಮೊದಲಿನಷ್ಟೇ ನಿಧಾನವಾಗಿ. ಎಷ್ಟು ನಿಧಾನ ಅಂದರೆ ಭಾವ ಮೆಟ್ಟಿಲು ಹತ್ತಲೇ ಇಲ್ಲ. ಕ್ಯಾಬಿನ್ನಿನ ಪಕ್ಕದಲ್ಲಿ, ಕಿಟಕಿಗೆ ಸಮನಾಗಿ ನಡೆದುಕೊಂಡೇ ಬಂದರು. ಹಿಂದೆ ಹಾರನ್‌ಗಳು ಕೂಗುತ್ತಲೇ ಇದ್ದವು.

"ಭಾವ" ಅಂದಳು, ಮುಂದೆ ನೋಡುತ್ತಲೇ. "ನಿಜ ಹೇಳಿ. ಈ ಸೀಟು ಬೇಕಿತ್ತಲ್ವಾ ನಿಮಗೆ?"

ಭಾವ ಕಿಟಕಿಯ ಅಂಚಿಗೆ ಕೈ ಇಟ್ಟುಕೊಂಡು ನಡೆದರು.

"ಬೇಕಿತ್ತು" ಅಂದರು. "ಈಗಲೂ ಬೇಕು ಕಣಮ್ಮ. ಆದ್ರೆ ಅವನ ಕೈಯಿಂದ ಬೇಡ."